ಬ್ರೌಸರಿನಲ್ಲಿ ಚೀನಿ ಅಕ್ಷರ ಸರಿಯಾಗಿ ಕಾಣಬೇಕಾ? ಯಾವ ತೊಂದರೆಗೆ ಯಾವ ದಾರಿ

‘ಚೀನಿ ಅಕ್ಷರ ಸರಿಯಾಗಿ ಕಾಣ್ತಿಲ್ಲ, ಯಾವ ಫಾಂಟ್ ಹಾಕ್ಕೊಳ್ಳಲಿ?’ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಸ್ಕ್ರೀನ್‌ಶಾಟ್ ಕಳಿಸಿ ಅನ್ನುತ್ತೇನೆ. ಎಷ್ಟೋ ಸಲ ಫಾಂಟಿಗೂ ಆ ತೊಂದರೆಗೂ ಸಂಬಂಧವೇ ಇರುವುದಿಲ್ಲ. ಪರದೆ ಮೇಲೆ ಏನು ಕಾಣುತ್ತಿದೆ ಅನ್ನುವುದನ್ನು ನೋಡಿಯೇ ದಾರಿ ಆರಿಸಬೇಕು. ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲ ಅಂತ ಅರ್ಥ. ಅಕ್ಷರಗಳು ಕಲಸಿಹೋಗಿ ಏನೇನೋ ಕಂಡರೆ ಎನ್‌ಕೋಡಿಂಗ್, ಅಂದರೆ ಯಾವ ಸಂಖ್ಯೆ ಯಾವ ಅಕ್ಷರ ಅನ್ನುವ ಲೆಕ್ಕ, ತಪ್ಪಿದೆ. ಅಕ್ಷರ ಕಾಣುತ್ತಿದೆ, ಓದಲೂ ಬರುತ್ತದೆ, ಆದರೆ ಪಾಠದ ಪುಸ್ತಕದಲ್ಲಿ ಇರುವ ಹಾಗಿಲ್ಲ ಅಂದರೆ ಪುಟದ ಭಾಷೆ ಯಾವುದು ಅಂತ ಬ್ರೌಸರಿಗೆ ಗೊತ್ತಾಗಿಲ್ಲ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಎನ್‌ಕೋಡಿಂಗ್ ತಪ್ಪಿದ ಪುಟಕ್ಕೆ ಹತ್ತು ಫಾಂಟ್ ಹಾಕಿದರೂ ಅದು ಹಾಗೇ ಇರುತ್ತದೆ.

ಮೊದಲ ಎರಡು ತೊಂದರೆ ಕನ್ನಡದವರಿಗೆ ಹೊಸದಲ್ಲ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಜಲು ಕಾಣುತ್ತಿತ್ತಲ್ಲ, ಅದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮೂರನೆಯದು ಮಾತ್ರ ಚೀನಿ, ಜಪಾನಿ, ಕೊರಿಯನ್ ಬರಹಗಳ ಜೊತೆಗೇ ಬರುವ ತೊಂದರೆ. ಹೆಚ್ಚು ಜನ ಎಡವುವುದೂ ಅಲ್ಲಿಯೇ.

ಅಕ್ಷರ ಕಲಸಿಹೋಗಿದ್ದರೆ

ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಬರುವುದಕ್ಕೆ ಮೊದಲೇ ಚೀನಿ ಬರಹಕ್ಕೆ ಹಲವು ಸಂಕೇತಪಟ್ಟಿಗಳಿದ್ದವು. ಚೀನಾ 1980ರಲ್ಲಿ ಜಿಬಿ2312 ತಂದಿತು. ಅದರಲ್ಲಿದ್ದ ಚೀನಿ ಅಕ್ಷರಗಳು 6,763. ದಿನಬಳಕೆಗೆ ಸಾಕು, ಹೆಸರುಗಳಿಗೆ ಸಾಲದು. 1998ರಲ್ಲಿ ಚೀನಾದ ಪ್ರಧಾನಿಯಾದ ಝೂ ರೊಂಗ್‌ಜಿ ಅವರ ಹೆಸರಿನ ‘ರೊಂಗ್’ ಅನ್ನುವ ಅಕ್ಷರವೇ ಆ ಪಟ್ಟಿಯಲ್ಲಿರಲಿಲ್ಲ. ಆಮೇಲೆ ಬಂದ ಜಿಬಿಕೆ ಪಟ್ಟಿಯಲ್ಲಿ 21,003 ಅಕ್ಷರಗಳಾದವು, ರೊಂಗ್ ಕೂಡ ಸೇರಿತು. ಅದನ್ನೂ ಹಿಗ್ಗಿಸಿ 2000ದಲ್ಲಿ ಜಿಬಿ18030 ಮಾಡಿದರು. ತೈವಾನ್ 1984ರಿಂದಲೇ ಬಿಗ್5 ಅನ್ನುವ ತನ್ನದೇ ಪಟ್ಟಿ ಬಳಸುತ್ತಿತ್ತು. ಅದರಲ್ಲಿ 13,000ಕ್ಕೂ ಜಾಸ್ತಿ ಸಾಂಪ್ರದಾಯಿಕ ಅಕ್ಷರಗಳು, ಅಂದರೆ ಚೀನಾ ಗೆರೆ ಕಮ್ಮಿ ಮಾಡಿ ‘ಸರಳ’ ರೂಪ ತರುವ ಮೊದಲಿನವು. ಅಲ್ಲಿಯೂ ಅದೇ ಕಥೆ. 2002ರಲ್ಲಿ ತೈವಾನಿನ ಪ್ರಧಾನಿಯಾದ ಯು ಶಿ-ಕುನ್ ಅವರ ಹೆಸರಿನ ‘ಕುನ್’ ಬಿಗ್5ರಲ್ಲಿ ಇರಲಿಲ್ಲ.

ಹೊಸದಾಗಿ ಪುಟ ಮಾಡುವವರು ಈ ಪಟ್ಟಿಗಳಲ್ಲಿ ಯಾವುದನ್ನು ಆರಿಸಬೇಕು? ಯಾವುದೂ ಬೇಡ. ಯುನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಒಂದೇ ಸಾಕು. ಜಿಬಿಕೆಯಲ್ಲಿ ಒಂದು ಚೀನಿ ಅಕ್ಷರಕ್ಕೆ 2 ಬೈಟ್, ಯುಟಿಎಫ್-8ರಲ್ಲಿ ಸಾಮಾನ್ಯವಾಗಿ 3 ಬೈಟ್, ಹಾಗಾಗಿ ಜಿಬಿಕೆ ಹಗುರ ಅನ್ನುವ ವಾದ ಈಗಲೂ ಕೇಳುತ್ತದೆ. ಲೆಕ್ಕ ಸರಿ. ಆದರೆ ಸರ್ವರ್ ಪುಟವನ್ನು ಕುಗ್ಗಿಸಿ ಕಳಿಸುವಾಗ ಆ ವ್ಯತ್ಯಾಸ ಬಹಳ ಮಟ್ಟಿಗೆ ಕರಗುತ್ತದೆ. ಪುಟದಲ್ಲಿರುವ ಒಂದೇ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ಭಾರ. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಯೂ ಯುಟಿಎಫ್-8ರಲ್ಲಿ 3 ಬೈಟೇ ತೆಗೆದುಕೊಳ್ಳುತ್ತದೆ, ಅದರಿಂದ ನಮ್ಮ ಪುಟಗಳೇನೂ ನಿಂತುಹೋಗಿಲ್ಲ. ಎಲ್ಲಕ್ಕಿಂತ ಮುಖ್ಯ, ಒಂದೇ ಪುಟದಲ್ಲಿ ಕನ್ನಡ, ಸರಳ ಚೀನಿ, ಸಾಂಪ್ರದಾಯಿಕ ಚೀನಿ ಮೂರನ್ನೂ ತೊಂದರೆಯಿಲ್ಲದೆ ಇಡಬಹುದು. ಬಿಗ್5ರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ.

ಹಳೆಯ ಪುಟ ಓದುವವರ ಪರಿಸ್ಥಿತಿ ಬೇರೆ. ಕಂಡ ಗೊಜಲನ್ನೇ ಸ್ವಲ್ಪ ಹತ್ತಿರದಿಂದ ನೋಡಿ, ಅದು ಬಹಳ ಹೇಳುತ್ತದೆ. ತಲೆ ಮೇಲೆ ಚುಕ್ಕಿ, ಗೀಟು ಇರುವ ಯುರೋಪಿನ ಸಣ್ಣಕ್ಷರಗಳು, ಅದರಲ್ಲೂ ಎ, ಇ, ಸಿ ಥರದವು ಮತ್ತೆ ಮತ್ತೆ ಬರುತ್ತಿದ್ದರೆ, ಯುಟಿಎಫ್-8 ಪುಟವನ್ನು ಬ್ರೌಸರ್ ಪಾಶ್ಚಾತ್ಯ ಎನ್‌ಕೋಡಿಂಗಿನಲ್ಲಿ ಓದಿದೆ. ಚುಕ್ಕಿಯಿರುವ ದೊಡ್ಡಕ್ಷರಗಳು, ನಡುನಡುವೆ ಸಣ್ಣ ಅಂಕಿ, ಚಿಹ್ನೆಗಳು ಇದ್ದರೆ ಅದು ಜಿಬಿ ಪಟ್ಟಿಯ ಪುಟ ಇರಬಹುದು. ಚೀನಿ ಅಕ್ಷರಗಳೇ ಕಾಣುತ್ತಿವೆ, ಆದರೆ ಎಲ್ಲವೂ ಗೆರೆ ತುಂಬಿದ ಅಪರೂಪದ ಅಕ್ಷರಗಳು, ಒಂದು ಪದಕ್ಕೂ ಅರ್ಥವಿಲ್ಲ ಅಂದರೆ ಯುಟಿಎಫ್-8 ಪುಟವನ್ನು ಜಿಬಿಕೆ ಅಂತ ಓದಿದೆ. ಈ ಮೂರೂ ಸರಿಹೋಗುವ ತೊಂದರೆಗಳು.

ಸರಿಹೋಗದ ಎರಡು ಇವೆ. ಒಂದು, ಸಾಲುಸಾಲು ಪ್ರಶ್ನೆ ಚಿಹ್ನೆ. ಇನ್ನೊಂದು, ಚೀನಾದ ಪ್ರೋಗ್ರಾಮರ್‌ಗಳೆಲ್ಲ ಬಲ್ಲ ‘ಕುನ್ ಜಿನ್ ಕಾವ್’. ಈ ಮೂರು ಅಕ್ಷರಗಳು ಪುಟದ ತುಂಬ ಮತ್ತೆ ಮತ್ತೆ ಬರುತ್ತವೆ. ಅದು ಹುಟ್ಟುವುದು ಹೀಗೆ. ಯಾವುದೋ ಪ್ರೋಗ್ರಾಂಗೆ ಒಂದು ಅಕ್ಷರ ಅರ್ಥವಾಗದಿದ್ದಾಗ ಅದರ ಜಾಗದಲ್ಲಿ ಯುನಿಕೋಡಿನ ‘ಗೊತ್ತಾಗಲಿಲ್ಲ’ ಚಿಹ್ನೆ ಇಡುತ್ತದೆ. ಯುಟಿಎಫ್-8ರಲ್ಲಿ ಆ ಚಿಹ್ನೆಯ ಮೂರು ಬೈಟ್‌ಗಳು ಇಎಫ್, ಬಿಎಫ್, ಬಿಡಿ. ಅಂಥ ಎರಡು ಚಿಹ್ನೆ ಪಕ್ಕಪಕ್ಕ ಬಂದರೆ ಆರು ಬೈಟ್. ಜಿಬಿಕೆ ಅದನ್ನು ಎರಡೆರಡಾಗಿ ಓದುತ್ತದೆ: ಇಎಫ್‌ಬಿಎಫ್ ಕುನ್ ಆಗುತ್ತದೆ, ಬಿಡಿಇಎಫ್ ಜಿನ್, ಬಿಎಫ್‌ಬಿಡಿ ಕಾವ್. ಅಂದರೆ ಇದು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಮೂಲ ಬರಹ ಆಗಲೇ ಅಳಿಸಿಹೋಗಿದೆ. ಬ್ರೌಸರ್ ಬದಲಿಸುತ್ತಾ ಕೂರಬೇಡಿ. ಪುಟದ ಬೇರೆ ಪ್ರತಿ ಎಲ್ಲಾದರೂ ಇದೆಯಾ ಅಂತ ಹುಡುಕುವುದೇ ಉಳಿದ ದಾರಿ.

ಸರಿಹೋಗುವ ಪುಟಗಳಿಗೆ ಬ್ರೌಸರ್‌ಗಳಲ್ಲಿ ಯಾವುದು ವಾಸಿ? ಕ್ರೋಮ್‌ನಲ್ಲಿ ಎನ್‌ಕೋಡಿಂಗ್ ಆರಿಸುವ ಮೆನು ಹಿಂದೆ ಇತ್ತು. 55ನೇ ಆವೃತ್ತಿಯಲ್ಲಿ ತೆಗೆದುಬಿಟ್ಟರು. ಈಗ ಅದು ತಾನೇ ಊಹಿಸುತ್ತದೆ, ಊಹೆ ತಪ್ಪಿದರೆ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು. ಫೈರ್‌ಫಾಕ್ಸ್‌ನ ವ್ಯೂ ಮೆನುವಿನಲ್ಲಿ ‘ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್’ ಅಂತ ಇದೆ. ವಿಂಡೋಸ್‌ನಲ್ಲಿ ಆಲ್ಟ್ ಕೀ ಒತ್ತಿದರೆ ಮೆನು ಕಾಣುತ್ತದೆ. ಪಟ್ಟಿಯಿಂದ ಆರಿಸುವ ಕೆಲಸವಿಲ್ಲ, ಒತ್ತಿದರೆ ಅದೇ ಮತ್ತೊಮ್ಮೆ ಊಹಿಸಿ ಓದುತ್ತದೆ. ಮ್ಯಾಕ್‌ನ ಸಫಾರಿಯಲ್ಲಿ ಮಾತ್ರ ವ್ಯೂ ಮೆನುವಿನ ‘ಟೆಕ್ಸ್ಟ್ ಎನ್‌ಕೋಡಿಂಗ್’ ಒಳಗೆ ಹಳೆಯ ಪಟ್ಟಿ ಇನ್ನೂ ಇದೆ. ಸರಳ ಚೀನಿ ಅಥವಾ ಸಾಂಪ್ರದಾಯಿಕ ಅಂತ ನೀವೇ ಆರಿಸಬಹುದು. ಹಳೆಯ ಚೀನಿ ಸೈಟ್‌ಗಳನ್ನು ಜಾಸ್ತಿ ಓದುವವರಿಗೆ ನನ್ನ ಸಲಹೆ: ಮ್ಯಾಕ್ ಇದ್ದರೆ ಸಫಾರಿ, ಇಲ್ಲವಾದರೆ ಫೈರ್‌ಫಾಕ್ಸ್. ಉಳಿದ ಕೆಲಸಕ್ಕೆ ಕ್ರೋಮ್ ಬಳಸಿಕೊಂಡಿರಿ.

ಪುಟ ನಿಮ್ಮದೇ ಆಗಿದ್ದು ಯುಟಿಎಫ್-8ರಲ್ಲಿ ಉಳಿಸಿದ್ದರೂ ಗೊಜಲು ಕಂಡರೆ ಸರ್ವರ್ ಪುಟದ ಜೊತೆ ಕಳಿಸುವ ಹೆಡರ್, ಅಂದರೆ ಪುಟದ ಬಗೆಗಿನ ಮಾಹಿತಿಯ ಸಾಲು, ನೋಡಿ. ಪುಟದೊಳಗೆ ಎನ್‌ಕೋಡಿಂಗ್ ಹೇಳುವ ಮೆಟಾ ಟ್ಯಾಗಿನ ಮಾತಿಗಿಂತ ಹೆಡರಿನ ಮಾತೇ ನಡೆಯುತ್ತದೆ. ಹೆಡರ್ ‘ಜಿಬಿ2312’ ಅಂದರೆ ಪುಟ ಎಷ್ಟು ಕೂಗಿದರೂ ಬ್ರೌಸರ್ ಕೇಳುವುದಿಲ್ಲ. ಮೆಟಾ ಟ್ಯಾಗ್ ಪುಟದ ಮೊದಲ 1024 ಬೈಟ್ ಒಳಗೇ ಇರಬೇಕು. ಅಪರೂಪದ ಹೆಸರುಗಳು ಮಾತ್ರ ಪ್ರಶ್ನೆ ಚಿಹ್ನೆ ಆಗುತ್ತಿದ್ದರೆ ಡೇಟಾಬೇಸ್ ಮೇಲೆ ಅನುಮಾನಪಡಿ. ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸಿನಲ್ಲಿ ‘ಯುಟಿಎಫ್8’ ಅಂತ ಬಹುಕಾಲ ಕರೆದದ್ದು 3 ಬೈಟಿನವರೆಗೆ ಮಾತ್ರ ಹಿಡಿಯುತ್ತದೆ. 4 ಬೈಟಿನ ಅಕ್ಷರಗಳಿಗೆ ‘ಯುಟಿಎಫ್8ಎಂಬಿ4’ ಬೇಕು.

ಖಾಲಿ ಚೌಕ ಕಂಡರೆ

ಇದು ಮೂರರಲ್ಲಿ ಸುಲಭದ್ದು. ಮ್ಯಾಕ್, ಐಫೋನ್, ಆಂಡ್ರಾಯ್ಡ್‌ನಲ್ಲಿ ಚೀನಿ ಫಾಂಟ್ ಮೊದಲೇ ಇರುತ್ತದೆ. ಆಪಲ್‌ನದ್ದು 2015ರಿಂದ ಪಿಂಗ್‌ಫಾಂಗ್, ಆಂಡ್ರಾಯ್ಡ್‌ನಲ್ಲಿ ನೋಟೊ. ವಿಂಡೋಸ್ 10 ಮತ್ತು 11ರಲ್ಲಿ ಸರಳ ಚೀನಿಗೆ ಮೈಕ್ರೋಸಾಫ್ಟ್ ಯಾಹೈ, ಸಾಂಪ್ರದಾಯಿಕಕ್ಕೆ ಜೆಂಗ್‌ಹೈ ಇರುತ್ತವೆ. ಕೈಬರಹದ ಛಾಯೆಯ ಕೈತಿ, ಫಾಂಗ್‌ಸಾಂಗ್ ಮುಂತಾದವು ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಆಪ್ಷನಲ್ ಫೀಚರ್ಸ್’ ಅಂತ ಹುಡುಕಿ, ಚೀನಿ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಳ್ಳಿ. ಎಲ್ಲಿಂದಲೋ ಬಿಟ್ಟಿ ಫಾಂಟ್ ಇಳಿಸಿಕೊಳ್ಳುವ ಅಗತ್ಯವಿಲ್ಲ.

ಚೌಕಗಳು ನಿಜವಾಗಿ ಕಾಡುವುದು ಲಿನಕ್ಸ್‌ನಲ್ಲಿ, ಅದರಲ್ಲೂ ಕಮ್ಮಿ ಸಾಮಾನು ಹಾಕಿಕೊಂಡು ಮಾಡಿದ ಇನ್‌ಸ್ಟಾಲ್‌ಗಳಲ್ಲಿ. ಪಿಡಿಎಫ್ ಅಥವಾ ಸ್ಕ್ರೀನ್‌ಶಾಟ್ ತೆಗೆಯಲು ಸರ್ವರಿನಲ್ಲಿ ಬ್ರೌಸರ್ ಓಡಿಸುವವರಿಗಂತೂ ಇದು ದಿನದ ಗೋಳು. ಡೆಬಿಯನ್, ಉಬುಂಟುಗಳಲ್ಲಿ ‘ಫಾಂಟ್ಸ್-ನೋಟೊ-ಸಿಜೆಕೆ’ ಪ್ಯಾಕೇಜ್ ಹಾಕಿದರೆ ಮುಗಿಯಿತು. ಗೂಗಲ್ ಮತ್ತು ಅಡೋಬಿ ಸೇರಿ 2014ರಲ್ಲಿ ಬಿಡುಗಡೆ ಮಾಡಿದ ಫಾಂಟ್ ಇದು. ಅಡೋಬಿ ಇದನ್ನೇ ಸೋರ್ಸ್ ಹಾನ್ ಸಾನ್ಸ್ ಅಂತ ಕರೆಯುತ್ತದೆ. ಎಷ್ಟು ದೊಡ್ಡ ಕೆಲಸ ಅಂದರೆ, ಒಂದು ಫಾಂಟ್ ಕಡತದಲ್ಲಿ ಹಿಡಿಯುವುದೇ 65,535 ಆಕಾರಗಳು, ಇದು ಆ ಮಿತಿಯನ್ನು ಮುಟ್ಟಿದೆ. ಇಷ್ಟಾದರೂ ಯುನಿಕೋಡಿನ ಎಲ್ಲ ಚೀನಿ ಅಕ್ಷರಗಳು ಅದರಲ್ಲಿ ಹಿಡಿಸುವುದಿಲ್ಲ. ಅವು ಈಗ ಸುಮಾರು 1 ಲಕ್ಷ ಇವೆ. ಕನ್ನಡಕ್ಕೆ ಯುನಿಕೋಡ್ ಮೀಸಲಿಟ್ಟಿರುವ ಮನೆಗಳು 128. ಎಲ್ಲೋ ಒಂದೆರಡು ಅಪರೂಪದ ಅಕ್ಷರ ಮಾತ್ರ ಚೌಕವಾಗಿ ಉಳಿದರೆ ವಿಂಡೋಸ್‌ನ ಸಿಮ್‌ಸುನ್-ಎಕ್ಸ್‌ಟ್‌ಬಿ ಥರದ ಹೆಚ್ಚುವರಿ ಫಾಂಟ್ ಬೇಕಾಗುತ್ತದೆ.

ಅಕ್ಷರ ಕಾಣುತ್ತದೆ, ಆದರೆ ಬೇರೆ ಊರಿನದ್ದು

ಕನ್ನಡ ಮತ್ತು ತೆಲುಗು ಲಿಪಿ ನೋಡಲು ಎಷ್ಟು ಹತ್ತಿರ ಇದ್ದರೂ ಯುನಿಕೋಡ್ ಎರಡಕ್ಕೂ ಬೇರೆ ಬೇರೆ ಮನೆ ಕೊಟ್ಟಿದೆ. ಚೀನಾ, ತೈವಾನ್, ಜಪಾನ್, ಕೊರಿಯಾಗಳ ಚೀನಿ ಮೂಲದ ಅಕ್ಷರಗಳಿಗೆ ಹಾಗೆ ಮಾಡಲಿಲ್ಲ. ಮೂಲ ಒಂದೇ ಆಗಿದ್ದು, ಬರೆಯುವ ರೀತಿಯಲ್ಲಿ ಮಾತ್ರ ಸಣ್ಣ ವ್ಯತ್ಯಾಸವಿದ್ದರೆ ನಾಲ್ಕೂ ಕಡೆಗೆ ಒಂದೇ ಸಂಖ್ಯೆ ಕೊಟ್ಟರು. ನಮ್ಮಲ್ಲೇ ಇದಕ್ಕೆ ಹತ್ತಿರದ್ದು ಬೇಕಿದ್ದರೆ ನಾಗರಿ ನೋಡಿ. ಮರಾಠಿಯವರು ಬರೆಯುವ ‘ಲ’, ‘ಶ’ಗಳ ರೂಪವೇ ಬೇರೆ, ಹಿಂದಿಯದೇ ಬೇರೆ. ಯುನಿಕೋಡ್ ಸಂಖ್ಯೆ ಒಂದೇ.

ಚೀನಿಯಲ್ಲಿ ಇಂಥವು ಸಾವಿರಗಟ್ಟಲೆ. ‘ಮೂಳೆ’ ಅನ್ನುವ ಅಕ್ಷರವನ್ನೇ ತೆಗೆದುಕೊಳ್ಳಿ. ಯುನಿಕೋಡ್ ಸಂಖ್ಯೆ 9ಎಎ8. ಅದರ ತಲೆಯಲ್ಲಿ ಒಂದು ಚೌಕಟ್ಟು, ಆ ಚೌಕಟ್ಟಿನೊಳಗೆ ಒಂದು ಚಿಕ್ಕ ಮೂಲೆ. ಚೀನಾದ ರೂಪದಲ್ಲಿ ಆ ಮೂಲೆ ಎಡಕ್ಕಿದೆ, ಜಪಾನ್ ಮತ್ತು ತೈವಾನ್‌ನಲ್ಲಿ ಬಲಕ್ಕಿದೆ. ಚೀನಾದಲ್ಲಿ ಅದನ್ನು 9 ಗೆರೆಯಲ್ಲಿ ಬರೆದು ಮುಗಿಸುತ್ತಾರೆ, ಉಳಿದ ಕಡೆ 10. ತೈವಾನ್‌ನ ಕೆಳಭಾಗದಲ್ಲಿ ಅಡ್ಡಗೆರೆಗಳ ಬದಲು ಎರಡು ಓರೆ ಗೀಟುಗಳು. ‘ನೇರ’ ಅನ್ನುವ ಅಕ್ಷರದಲ್ಲೂ ಹೀಗೆಯೇ. ಜಪಾನಿನ ರೂಪದಲ್ಲಿ ಎಡಗಡೆಯಿಂದ ಇಳಿದು ಕೆಳಗೆ ತಿರುಗುವ ಗೆರೆ ಎದ್ದು ಕಾಣುತ್ತದೆ, ಚೀನಾದ ರೂಪದಲ್ಲಿ ಅದು ಇಲ್ಲ. ಓದುವವರಿಗೆ ಇದರಿಂದ ದೊಡ್ಡ ಅಡ್ಡಿಯಿಲ್ಲ. ಆದರೆ ಚೀನಿ ಕಲಿಯುತ್ತಿರುವವರು ಪರದೆ ನೋಡಿ ಕಾಪಿ ಪುಸ್ತಕದಲ್ಲಿ ತಿದ್ದುತ್ತಾರೆ. ಅವರು ಗೊತ್ತಿಲ್ಲದೆ ಜಪಾನಿನ ರೂಪ ಕಲಿತುಬಿಡುತ್ತಾರೆ. ನನಗೆ ಇದು ಚಿಕ್ಕ ವಿಷಯ ಅನಿಸುವುದಿಲ್ಲ. ತಮ್ಮ ಅಕ್ಷರ ತಮ್ಮ ರೂಪದಲ್ಲಿ ಕಾಣಲಿ ಅನ್ನುವ ಆಸೆ ಯಾವ ಭಾಷೆಯವರಿಗೆ ಇರುವುದಿಲ್ಲ ಹೇಳಿ?

ಪುಟದಲ್ಲಿ ಭಾಷೆ ಇಂಥದ್ದು ಅಂತ ಬರೆದಿರದಿದ್ದರೆ ಬ್ರೌಸರ್ ನಿಮ್ಮ ಭಾಷೆಗಳ ಪಟ್ಟಿ ನೋಡಿ ಊಹಿಸುತ್ತದೆ. ಆದ್ದರಿಂದ ಓದುವವರಿಗೆ ಒಳ್ಳೆಯ ದಾರಿ ಅಲ್ಲಿಯೇ ಇದೆ. ಕ್ರೋಮ್ ಅಥವಾ ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನ ಭಾಷೆಗಳಲ್ಲಿ ಕನ್ನಡ, ಇಂಗ್ಲಿಷ್ ಆದಮೇಲೆ ಸರಳ ಚೀನಿ ಸೇರಿಸಿ. ಫೋನಿನ ಭಾಷಾ ಪಟ್ಟಿಯಲ್ಲೂ ಹಾಗೇ ಮಾಡಿ. ಫೋನ್ ಕನ್ನಡದಲ್ಲೇ ಇರುತ್ತದೆ, ಚೀನಿ ಅಕ್ಷರ ಮಾತ್ರ ಚೀನಾದ ರೂಪಕ್ಕೆ ಬರುತ್ತದೆ. ಪಟ್ಟಿಯಲ್ಲಿ ಜಪಾನಿಯೂ ಇದ್ದರೆ ಚೀನಿಯನ್ನು ಅದರ ಮೇಲಿಡಿ. ಫೈರ್‌ಫಾಕ್ಸ್‌ನಲ್ಲಿ ಇನ್ನೂ ಒಂದು ಅನುಕೂಲ ಇದೆ. ಫಾಂಟ್ಸ್ ಕೆಳಗೆ ಅಡ್ವಾನ್ಸ್‌ಡ್ ಒತ್ತಿದರೆ ಸರಳ ಚೀನಿ, ತೈವಾನ್, ಹಾಂಗ್‌ಕಾಂಗ್, ಜಪಾನಿ ಒಂದೊಂದಕ್ಕೂ ಬೇರೆ ಫಾಂಟ್ ಆರಿಸಬಹುದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಭಾಷೆವಾರು ಹೀಗೆ ಆರಿಸಲು ಬರುವುದಿಲ್ಲ. ಚೀನಿ ಮತ್ತು ಜಪಾನಿ ಎರಡನ್ನೂ ಕಲಿಯುವವರಿಗೆ ಫೈರ್‌ಫಾಕ್ಸೇ ಸೈ. ಇಂಗ್ಲಿಷ್‌ನಲ್ಲಿ ಓಡುವ ಉಬುಂಟುವಿನಲ್ಲಿ ನೋಟೊ ಹಾಕಿದ ಮೇಲೂ ಜಪಾನಿ ರೂಪ ಬರುವುದು ಎಲ್ಲರಿಗೂ ಆಗುವ ಅನುಭವ. ಅಲ್ಲಿ ಯಾವ ಫಾಂಟ್ ಮೊದಲು ಅಂತ ಹೇಳುವ ಫಾಂಟ್‌ಕಾನ್ಫಿಗ್ ಕಡತದಲ್ಲಿ ಸರಳ ಚೀನಿಯ ನೋಟೊವನ್ನು ಮೊದಲಿಗೆ ತಂದರೆ ಸರಿಹೋಗುತ್ತದೆ.

ಪುಟ ಮಾಡುವವರು ಇಷ್ಟನ್ನೆಲ್ಲ ಓದುಗರ ತಲೆಗೆ ಕಟ್ಟಬಾರದು. ಎಚ್‌ಟಿಎಂಎಲ್‌ನಲ್ಲಿ ‘ಲ್ಯಾಂಗ್’ ಅಂತ ಒಂದು ಗುಣ ಇದೆ, ಅದನ್ನು ಬರೆಯಿರಿ. ಚೀನಿಯ ಸಂಕೇತ ‘ಝಡ್‌ಎಚ್’ ಒಂದನ್ನೇ ಹಾಕಿದರೆ ಅದು ಯಾವ ಚೀನಿ ಅಂತ ಹೇಳಿದ ಹಾಗಾಗಲಿಲ್ಲ. ಚೀನಾ, ಸಿಂಗಾಪುರ, ಮಲೇಷ್ಯಾದ ಓದುಗರಿಗಾದರೆ ‘ಝಡ್‌ಎಚ್-ಹ್ಯಾನ್ಸ್’. ತೈವಾನ್‌ಗೆ ‘ಝಡ್‌ಎಚ್-ಟಿಡಬ್ಲ್ಯೂ’, ಹಾಂಗ್‌ಕಾಂಗ್‌ಗೆ ‘ಝಡ್‌ಎಚ್-ಎಚ್‌ಕೆ’. ತೈವಾನ್, ಹಾಂಗ್‌ಕಾಂಗ್ ಎರಡಕ್ಕೂ ‘ಝಡ್‌ಎಚ್-ಹ್ಯಾಂಟ್’ ಒಂದೇ ಹಾಕಿದರೂ ನಡೆಯುತ್ತದೆ, ಆದರೆ ಹಾಂಗ್‌ಕಾಂಗಿನವರು ಬಳಸುವ ರೂಪಗಳು ಅಲ್ಲಲ್ಲಿ ಬೇರೆ ಇರುವುದರಿಂದ ಬೇರೆಯಾಗಿಯೇ ಬರೆಯುವುದು ಒಳ್ಳೆಯದು. ಕನ್ನಡ ಪುಟದ ನಡುವೆ ಚೀನಿ ಪದ ಬಂದರೆ ಆ ಪದಕ್ಕೆ ಮಾತ್ರ ಗುರುತು ಹಾಕಿ. ಕುರುಡರು ಬಳಸುವ ಸ್ಕ್ರೀನ್ ರೀಡರ್‌ಗೂ ಇಲ್ಲಿಂದ ಚೀನಿ ಉಚ್ಚಾರ ಅಂತ ತಿಳಿಯುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಫಾಂಟ್ ಅಥವಾ ಭಾಷೆಯ ಗುರುತು ಬದಲಿಸಿದರೆ ಸರಳ ಬರಹ ಸಾಂಪ್ರದಾಯಿಕ ಆಗುವುದಿಲ್ಲ. ‘ದೇಶ’ ಅನ್ನುವ ಅಕ್ಷರ ಸರಳ ರೂಪದಲ್ಲಿ 8 ಗೆರೆ, ಸಾಂಪ್ರದಾಯಿಕದಲ್ಲಿ 11. ಯುನಿಕೋಡ್‌ನಲ್ಲಿ ಅವು ಎರಡು ಬೇರೆ ಅಕ್ಷರಗಳು. ಅದಕ್ಕೆ ಓಪನ್‌ಸಿಸಿ ಥರದ ಪರಿವರ್ತಕ ಬೇಕು, ಆಮೇಲೆ ಭಾಷೆ ಬಲ್ಲವರೊಬ್ಬರ ಕಣ್ಣೂ ಬೇಕು.

ಸಿಸ್ಟಂ ಫಾಂಟೋ, ವೆಬ್ ಫಾಂಟೋ?

ಬೆಂಗಳೂರಿನಲ್ಲಿ ಕೂತು ಚೀನಿ ಗ್ರಾಹಕರಿಗೆ ಸೈಟ್ ಮಾಡುವವರು ಕಮ್ಮಿಯೇನಿಲ್ಲ. ಅವರು ಇಂಗ್ಲಿಷ್ ಸೈಟಿಗೆ ಮಾಡುವ ಹಾಗೆ ಒಂದು ಚಂದದ ವೆಬ್ ಫಾಂಟ್ (ಪುಟದ ಜೊತೆಗೇ ಇಳಿಯುವ ಫಾಂಟ್) ಹಾಕೋಣ ಅಂತ ಹೊರಡುತ್ತಾರೆ. ಇಂಗ್ಲಿಷ್ ಫಾಂಟ್ ಕೆಲವು ಹತ್ತು ಕೆಬಿ ಇರುತ್ತದೆ. ಚೀನಿ ಫಾಂಟ್ ಒಂದು ದಪ್ಪಕ್ಕೇ ಹಲವು ಎಂಬಿ. ದಪ್ಪ ಅಕ್ಷರಕ್ಕೆ ಇನ್ನೊಂದು ಕಡತ. ಅದೆಲ್ಲ ಇಳಿಯುವವರೆಗೆ ಓದುಗ ಕಾಯುವುದಿಲ್ಲ.

ನನ್ನ ಆಯ್ಕೆ ಸಿಸ್ಟಂ ಫಾಂಟ್, ಅಂದರೆ ಓದುಗರ ಸಾಧನದಲ್ಲಿ ಮೊದಲೇ ಇರುವುದು. ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಮೊದಲು ಇಂಗ್ಲಿಷ್ ಅಥವಾ ಕನ್ನಡ ಫಾಂಟ್, ಆಮೇಲೆ ಪಿಂಗ್‌ಫಾಂಗ್ ಎಸ್‌ಸಿ, ಮೈಕ್ರೋಸಾಫ್ಟ್ ಯಾಹೈ, ನೋಟೊ ಸಾನ್ಸ್ ಸಿಜೆಕೆ ಎಸ್‌ಸಿ, ಕೊನೆಗೆ ಸಾನ್ಸ್-ಸೆರಿಫ್. ತೈವಾನ್‌ಗೆ ಇದೇ ಸಾಲಿನಲ್ಲಿ ಪಿಂಗ್‌ಫಾಂಗ್ ಟಿಸಿ, ಜೆಂಗ್‌ಹೈ, ನೋಟೊ ಟಿಸಿ. ಚೀನಿ ಫಾಂಟನ್ನು ಮೊದಲಿಟ್ಟರೆ ಇಂಗ್ಲಿಷ್ ಅಕ್ಷರ, ಅಂಕಿಗಳೂ ಅದರದೇ ಬರುತ್ತವೆ. ಇಂಗ್ಲಿಷ್ ಫಾಂಟ್ ಮೊದಲಿಟ್ಟರೆ ಇನ್ನೊಂದು ಚಿಕ್ಕ ಕಿರಿಕಿರಿ: ಬಾಗಿದ ಉದ್ಧರಣ ಚಿಹ್ನೆಗಳ ಸಂಖ್ಯೆ ಇಂಗ್ಲಿಷಿಗೂ ಚೀನಿಗೂ ಒಂದೇ ಆದ್ದರಿಂದ ಚೀನಿ ಸಾಲಿನಲ್ಲಿ ಅವು ಇಕ್ಕಟ್ಟಾಗಿ ಕೂರುತ್ತವೆ. ಪುಟ ಪೂರ್ತಿ ಚೀನಿಯದೇ ಆಗಿದ್ದರೆ ಚೀನಿ ಫಾಂಟ್ ಮೊದಲಿಡುವುದೇ ಮೇಲು. ಬೆರಕೆ ಪುಟದಲ್ಲಿ ಚೀನಿ ಭಾಗಕ್ಕೆ ಭಾಷೆಯ ಗುರುತು ಹಾಕಿ, ಅದಕ್ಕೆ ಬೇರೆ ನಿಯಮ ಬರೆಯಿರಿ.

ಎಲ್ಲ ಕಡೆ ಒಂದೇ ರೂಪ ಬೇಕೇ ಬೇಕು ಅಂದರೆ ಗೂಗಲ್ ಫಾಂಟ್ಸ್ ಮಾಡುವ ಉಪಾಯ ಚೆನ್ನಾಗಿದೆ. ಅದು ಒಂದು ಚೀನಿ ಫಾಂಟನ್ನು ಸುಮಾರು ನೂರು ತುಂಡು ಮಾಡಿ, ಪುಟದಲ್ಲಿರುವ ಅಕ್ಷರಗಳಿಗೆ ಬೇಕಾದ ತುಂಡುಗಳನ್ನು ಮಾತ್ರ ಕಳಿಸುತ್ತದೆ. ಜೊತೆಜೊತೆಯಾಗಿ ಬರುವ ಅಕ್ಷರಗಳನ್ನು ಒಂದೇ ತುಂಡಿನಲ್ಲಿಟ್ಟಿರುವುದರಿಂದ ಇಳಿಸಿಕೊಳ್ಳಬೇಕಾದ ಭಾರ ಬಹಳ ಕಮ್ಮಿಯಾಗುತ್ತದೆ. ಶೀರ್ಷಿಕೆಗೆ ಮಾತ್ರ ವಿಶೇಷ ಫಾಂಟ್ ಬೇಕಾದರೆ ಫಾಂಟ್‌ಟೂಲ್ಸ್‌ನ ಪೈಎಫ್‌ಟಿಸಬ್‌ಸೆಟ್ ಬಳಸಿ ಆ ಹತ್ತಿಪ್ಪತ್ತು ಅಕ್ಷರಗಳನ್ನಷ್ಟೇ ಕತ್ತರಿಸಿಕೊಳ್ಳಬಹುದು. ಓದುಗರು ಬರೆಯುವ ಜಾಗಕ್ಕೆ ಈ ದಾರಿ ಬೇಡ. ಯಾರೋ ಒಂದು ಹೊಸ ಅಕ್ಷರ ಬರೆದರೆ ಅದೊಂದು ಮಾತ್ರ ಬೇರೆ ಫಾಂಟಿನಲ್ಲಿ ಬಂದು ಸಾಲಿನ ನಡುವೆ ಒಡೆದು ಕಾಣುತ್ತದೆ. ಬರಹವನ್ನು ಚಿತ್ರ ಮಾಡಿ ಹಾಕುವುದು ಲೋಗೋಗೆ, ಕುಂಚದ ಬರಹಕ್ಕೆ ಸರಿ. ಬೇರೆಲ್ಲೂ ಬೇಡ. ಹುಡುಕಲು, ಕಾಪಿ ಮಾಡಲು, ಅನುವಾದಕ್ಕೆ ಹಾಕಲು ಯಾವುದಕ್ಕೂ ಅದು ಒದಗುವುದಿಲ್ಲ.

ಫಾಂಟಿನ ಜಾತಿಯಲ್ಲಿ ಎರಡು ಮುಖ್ಯ. ಸಾಂಗ್, ಅಂದರೆ ಅಡ್ಡಗೆರೆ ಸಪೂರ, ನಿಂತ ಗೆರೆ ದಪ್ಪ. ಹೈ, ಅಂದರೆ ಎಲ್ಲ ಗೆರೆಯೂ ಹೆಚ್ಚುಕಮ್ಮಿ ಒಂದೇ ದಪ್ಪ. ಮುದ್ರಿತ ಪುಸ್ತಕಕ್ಕೆ ಸಾಂಗ್ ಹಿತ. ಅಗ್ಗದ ಮಾನಿಟರಿನಲ್ಲಿ ಸಣ್ಣ ಗಾತ್ರಕ್ಕೆ ಅದರ ಅಡ್ಡಗೆರೆಗಳು ಮಾಸಿಹೋಗುತ್ತವೆ, ಅಲ್ಲಿ ಹೈ ವಾಸಿ.

ಇಂಗ್ಲಿಷ್ ಟೆಂಪ್ಲೇಟನ್ನೇ ಚೀನಿಗೆ ಬಳಸುವವರು ಓರೆ ಅಕ್ಷರದ ನಿಯಮವನ್ನು ಮಾತ್ರ ಮರೆಯದೆ ತೆಗೆಯಿರಿ. ಚೀನಿಯಲ್ಲಿ ಓರೆ ಅಕ್ಷರದ ಪದ್ಧತಿ ಇಲ್ಲ. ಬ್ರೌಸರ್ ಸುಮ್ನೆ ಚೌಕಾಕಾರದ ಅಕ್ಷರವನ್ನು ವಾಲಿಸಿಬಿಡುತ್ತದೆ, ಓದಲು ಹಿಂಸೆ. ಒತ್ತು ಕೊಡಬೇಕಾದ ಪದಕ್ಕೆ ಚೀನಿಯವರು ಅಕ್ಷರದ ಕೆಳಗೆ ಚುಕ್ಕಿ ಇಡುತ್ತಾರೆ. ಸಿಎಸ್‌ಎಸ್‌ನ ‘ಟೆಕ್ಸ್ಟ್-ಎಂಫಸಿಸ್’ ಅದನ್ನೇ ಮಾಡುತ್ತದೆ. ಚುಕ್ಕಿಯ ಜಾಗವನ್ನು ಕೆಳಗೆ ಅಂತ ನೀವೇ ಬರೆಯುವುದು ಒಳ್ಳೆಯದು, ಏಕೆಂದರೆ ಜಪಾನಿಯವರ ರೂಢಿ ಅಕ್ಷರದ ಮೇಲೆ ಇಡುವುದು.